ತುಮಕೂರಿನಲ್ಲಿದ್ದುಕೊಂಡೇ ಫಿಗರ್ ಸ್ಕೇಟಿಂಗ್‌ಗೆ ಮಕ್ಕಳನ್ನು ಅಣಿಗೊಳಿಸುವ ಬಗೆ

ಫಿಗರ್ ಸ್ಕೇಟಿಂಗ್ ಎಂದರೆ ಬ್ಲೇಡಿನ ಷೂ ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ ಜಿಗಿಯುವ, ಗಿರಗಿರನೆ ಸುತ್ತುವ ಆಟ. ತುಮಕೂರಿನಲ್ಲಿ ಅದಕ್ಕೆ ಬೇಕಾದ ಮಂಜುಗಡ್ಡೆಯ ಅಂಗಳ, ಅಂದರೆ ಐಸ್ ರಿಂಕ್, ಇಲ್ಲವೆಂದು ಮಗುವಿನ ಆಸೆಯನ್ನು ಚಿವುಟಬೇಕಾಗಿಲ್ಲ. ಚಕ್ರದ ಮೇಲಿನ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್‌ನಲ್ಲಿಯೂ ಆಕ್ಸೆಲ್, ಲುಟ್ಜ್, ಸಾಲ್ಕೊವ್ ಎಂಬ ಜಿಗಿತಗಳಿವೆ, ನಿಂತಲ್ಲೇ ಸುತ್ತುವ ಸ್ಪಿನ್‌ಗಳಿವೆ. ಭಾರತದ ಅನೂಪ್ ಕುಮಾರ್ ಯಾಮ ಅವರು 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಈ ಆಟದಲ್ಲಿಯೇ.

ಮೊದಲನೆಯದು ಷೂ. ಸ್ಪೀಡ್ ಸ್ಕೇಟಿಂಗ್‌ನ ಸಾಲು ಚಕ್ರದ ಷೂ ಇದಕ್ಕೆ ಒಗ್ಗುವುದಿಲ್ಲ. ಕಣಕಾಲನ್ನು ಬಿಗಿಯಾಗಿ ಹಿಡಿಯುವ, ಮುಂದೆ ಎರಡು ಹಿಂದೆ ಎರಡು ಚಕ್ರಗಳಿರುವ ಕ್ವಾಡ್ ಷೂ ಬೇಕು. ಬೆಳೆಯುವ ಕಾಲೆಂದು ನಾನು ಮಗಳಿಗೆ ಒಂದು ಅಳತೆ ದೊಡ್ಡದನ್ನು ಕೊಂಡಿದ್ದೆ. ಷೂವಿನೊಳಗೆ ಹಿಮ್ಮಡಿ ಮೇಲೇಳುತ್ತಿದ್ದುದರಿಂದ ಪಾದವನ್ನು ಒಳಕ್ಕೆ ವಾಲಿಸುವುದು ಆಕೆಗೆ ರೂಢಿಯಾಯಿತು, ಅದನ್ನು ಬಿಡಿಸಲು ಒಂದು ವರ್ಷವೇ ಹಿಡಿಯಿತು. ದಯವಿಟ್ಟು ಈ ತಪ್ಪನ್ನು ಮಾಡಬೇಡಿ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಅಂಚಿನ ಅಭ್ಯಾಸ. ಐಸ್ ಸ್ಕೇಟಿನ ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತಗ್ಗು ಇರುತ್ತದೆ. ಅದರ ಎರಡು ಬದಿಗಳೇ ಒಳ ಅಂಚು ಮತ್ತು ಹೊರ ಅಂಚು. ಚಕ್ರದ ಷೂವಿನಲ್ಲಿ ಈ ಕೆಲಸವನ್ನು ದೇಹದ ವಾಲಿಕೆ ಮಾಡುತ್ತದೆ. ನುಣುಪಾದ ಸಿಮೆಂಟು ನೆಲದ ಮೇಲೆ ದಾರ ಮತ್ತು ಸೀಮೆಸುಣ್ಣದಿಂದ, ಮಗುವಿನ ಎತ್ತರದ ಸುಮಾರು ಮೂರು ಪಟ್ಟು ಅಡ್ಡಳತೆಯ ಎರಡು ವೃತ್ತಗಳನ್ನು ಒಂದಕ್ಕೊಂದು ತಾಗುವಂತೆ ಬರೆಯಿರಿ. ಅವು ತಾಗುವ ಜಾಗದಲ್ಲಿ ಮಗು ನಿಂತು, ಒಮ್ಮೆ ತಳ್ಳಿಕೊಂಡು, ಒಂದೇ ಕಾಲಿನಲ್ಲಿ ಗೆರೆಯ ಮೇಲೆಯೇ ಒಂದು ಸುತ್ತು ಬಂದು, ಕಾಲು ಬದಲಿಸಿ ಇನ್ನೊಂದು ವೃತ್ತವನ್ನು ಸುತ್ತಬೇಕು. ಚಕ್ರದ ಸದ್ದು ಒಂದೇ ಹದದಲ್ಲಿದ್ದರೆ ಭಾರ ಸರಿಯಾಗಿ ಕೂತಿದೆ. ನಡುವೆ ಕರಕರ ಎಂದರೆ ಸೊಂಟ ಗೆರೆಯಿಂದಾಚೆ ಹೋಗಿದೆ. ಐಸ್ ಮೇಲಿನ ಆಟಕ್ಕೆ ಫಿಗರ್ ಎಂಬ ಹೆಸರು ಬಂದದ್ದೇ ಇಂತಹ ಆಕೃತಿಗಳಿಂದ, 1990ರವರೆಗೆ ಅದರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇವಕ್ಕೆ ಅಂಕಗಳಿದ್ದವು. ಎರಡು ವೃತ್ತಗಳು ಸೇರಿ ಆಗುವ ಈ ಎಂಟರ ಆಕೃತಿಯನ್ನು ಹಿಮ್ಮುಖವಾಗಿಯೂ ಸುತ್ತಲು ಬರುವ ತನಕ ಜಿಗಿತದ ಮಾತು ಬೇಡ.

ಜಿಗಿತವನ್ನು ಮನೆಯ ತಾರಸಿಯಲ್ಲಿ ದಪ್ಪ ಮ್ಯಾಟ್ ಹಾಸಿ, ಸಾಮಾನ್ಯ ಕ್ರೀಡಾ ಷೂವಿನಲ್ಲಿ ಆರಂಭಿಸಿ. ಆಕ್ಸೆಲ್ ಮಾತ್ರ ಮುಂದಕ್ಕೆ ನೋಡುತ್ತ ಹಾರುವ ಜಿಗಿತವಾದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು, ಅದು ಕೊನೆಗಿರಲಿ. ಒಂಟಿ ಕಾಲಿನಲ್ಲಿ ಮಂಡಿ ಬಾಗಿಸಿ ಇಳಿದು, ಮೂರು ಎಣಿಸುವವರೆಗೆ ಅಲುಗದೆ ನಿಲ್ಲಿಸಿ. ಮಂಡಿ ನೋವೆಂದ ದಿನ ಜಿಗಿತ ಬೇಡ.

ಐಸ್‌ಗೆ ದೂರದ ಊರುಗಳಿಗೇ ಹೋಗಬೇಕು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಕಟ್ಟಿದ ರಿಂಕ್ ಇದೆ. ಹೊರಡುವ ಮೊದಲು ವೇಳಾಪಟ್ಟಿಯನ್ನು ವಿಚಾರಿಸಿಕೊಳ್ಳಿ. ಚಕ್ರದ ಷೂವಿನ ಮುಂದಿನ ಬ್ರೇಕ್ ಒತ್ತಿ ರೂಢಿಯಾದ ಮಗು ಬ್ಲೇಡಿನ ತುದಿಯ ಹಲ್ಲನ್ನೂ ಹಾಗೆಯೇ ಒತ್ತಿ ಮುಗ್ಗರಿಸುವುದರಿಂದ, ಮೊದಲ ಎರಡು ದಿನ ನಿಲ್ಲುವುದನ್ನಷ್ಟೇ ಕಲಿಸಿ.

ಆತುರಕ್ಕೆ ಕಾರಣವಿಲ್ಲ. 2024-25ರ ಋತುವಿನಿಂದ ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸು 17. ಎಂಟಕ್ಕೆ ಆರಂಭಿಸಿದವರಿಗೆ ಒಂಬತ್ತು ವರ್ಷಗಳಿವೆ. ಆ ಹಂತದ ಫ್ರೀ ಸ್ಕೇಟಿಂಗ್, ಅಂದರೆ ಸ್ಪರ್ಧೆಯ ದೀರ್ಘ ಪ್ರದರ್ಶನ, ಸುಮಾರು ನಾಲ್ಕು ನಿಮಿಷದ್ದು, ಅದಕ್ಕೆ ಬೇಕಾದ ಉಸಿರನ್ನು ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿಯೇ ಬೆಳೆಸಬಹುದು: ವಾರಕ್ಕೆ ಮೂರು ದಿನ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮತ್ತೆ ಓಟ.