ರಮ್ ದ್ವೀಪದ ಕೂಲಿನ್ ಸಾಲು: ಮೊದಲು ಹಾಸಿಗೆ, ಆಮೇಲೆ ಬೆಟ್ಟ

ಈ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ರಮ್ ದ್ವೀಪದಲ್ಲಿ, ಕೂಲಿನ್ ಬೆಟ್ಟಸಾಲಿನ ಐದು ಮುಖ್ಯ ಶಿಖರಗಳನ್ನು ಒಂದೇ ದಿನದಲ್ಲಿ ಮುಗಿಸಿದೆವು. ಹಾಲಿವಲ್, ಆಸ್ಕಿವಲ್, ಟ್ರೊಲವಲ್, ಐನ್ಶ್‌ವಲ್, ಸ್ಗೂರ್ ನಾನ್ ಗಿಲಿಯನ್. ನನ್ನ ಯೋಜನೆ ಕೇಳಿ ನಕ್ಕವರೇ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಟ್ರೆಕ್ಕಿಂಗ್ ಗೆಳೆಯರಿಗೆ ಎತ್ತರವೇ ತಮಾಷೆ: "ಆಸ್ಕಿವಲ್ 812 ಮೀಟರ್ ಅಂತೆ, ನಮ್ಮ ಕುಮಾರ ಪರ್ವತ 1,712. ಇದಕ್ಕೆ ಇಷ್ಟೊಂದು ಲೆಕ್ಕಾಚಾರ ಬೇಕಾ ಗುರು?" ಇಲ್ಲಿ ಗ್ಲಾಸ್ಗೋದಲ್ಲಿ ಜೊತೆಗೆ ಬೆಟ್ಟ ಹತ್ತುವ ಕನ್ನಡದವರ ತಕರಾರು ಬೇರೆ. ಸಾಮಾನು ಇಟ್ಟು ಬರುವುದಕ್ಕೇ ಒಂದು ದಿನ ಹದಿನಾರು ಹದಿನೇಳು ಕಿಲೋಮೀಟರ್ ನಡೆಯುವುದು ಹುಚ್ಚಾಟ ಅಂದರು.

ಎತ್ತರದ ಮಾತಿಗೆ ಉತ್ತರ ಚಿಕ್ಕದು. ಇಲ್ಲಿ ಹತ್ತುವುದು ಸಮುದ್ರದ ಅಂಚಿನಿಂದ, ಅದೂ ಒಂದು ಸಲವಲ್ಲ. ಒಂದೊಂದು ಶಿಖರಕ್ಕೂ ಮಧ್ಯೆ ಸಾಲಿನ ತಗ್ಗಿಗೆ (ಇಲ್ಲಿನವರ ಮಾತಲ್ಲಿ ಬೆಲಾಕ್) ಇಳಿದು ಮತ್ತೆ ಏರಬೇಕು. ಆಸ್ಕಿವಲ್‌ನಿಂದ ಬೆಲಾಕ್ ಆನ್ ಓರ್‌ಗೆ ಮುನ್ನೂರೈವತ್ತು ಮೀಟರ್ ಇಳಿದ ಮೇಲೆ ಎದುರಿಗೆ ಟ್ರೊಲವಲ್ ನಿಂತಿರುತ್ತದೆ. ಸಾಲು ಹಿಡಿದು ಆ ತುದಿಯ ಕಡಲ ಬದಿಯ ಡಿಬಿಡಿಲ್ ಸೇರುವ ಹೊತ್ತಿಗೆ ಒಟ್ಟು ಏರಿಕೆ 1,600 ಮೀಟರ್ ಆಸುಪಾಸು. ಇವುಗಳಲ್ಲಿ ಒಂದೂ 914 ಮೀಟರ್ ಮುಟ್ಟದ ಕಾರಣ ಸ್ಕಾಟ್ಲೆಂಡಿನ ಎತ್ತರದ ಬೆಟ್ಟಗಳ ಮನ್ರೋ ಪಟ್ಟಿಯಲ್ಲಿಲ್ಲ. ಹಾಗಾಗಿ ಪಟ್ಟಿ ಹಿಡಿದು ಹತ್ತುವವರ ಗದ್ದಲವೂ ಇಲ್ಲ. ನನಗೆ ಅದೇ ಬೇಕಿತ್ತು.

ಹಿಂದಿನ ಸೋಲುಗಳೆಲ್ಲ ದುಡ್ಡು ತಿಂದವು. ಒಂದು ವರ್ಷ ಫೆರಿ ಹೊರಡುವ ಬಂದರು ಮ್ಯಾಲೇಗ್‌ವರೆಗೆ ಹೋದೆವು, ಗಾಳಿಗೆ ಫೆರಿ ರದ್ದಾಯಿತು. ರಮ್‌ನಲ್ಲಿ ಕಟ್ಟಿದ್ದ ಹಾಸಿಗೆ ದುಡ್ಡು ಹೋಯಿತು, ಮ್ಯಾಲೇಗ್‌ನಲ್ಲಿ ಕೊನೇ ಗಳಿಗೆಯ ರೂಮಿಗೆ ನೂರರ ಹತ್ತಿರ ಪೌಂಡ್ ತೆತ್ತದ್ದೂ ಆಯಿತು. ಇನ್ನೊಂದು ಸಲ ಟೆಂಟು, ಸ್ಟೌವು ಎಲ್ಲ ಹೊತ್ತು ಹದಿಮೂರು ಕೆಜಿಯ ಚೀಲದೊಂದಿಗೆ ಸಾಲು ಹತ್ತಿದೆವು. ಆಸ್ಕಿವಲ್‌ನ ಉತ್ತರದ ಏಣಿನಲ್ಲಿ ಮೋಡ ಮುಚ್ಚಿಕೊಂಡಿತು, ಚೀಲ ಹಿಂದಕ್ಕೆ ಎಳೆಯುತ್ತಿತ್ತು, ವಾಪಸ್. ಜುಲೈನಲ್ಲಿ ಹೋದದ್ದನ್ನು ಮಾತ್ರ ನೆನೆಯುವುದೇ ಬೇಡ. ದ್ವೀಪದ ಹಳ್ಳಿ ಕಿನ್‌ಲಾಕ್‌ನಲ್ಲಿ ಮಿಡ್ಜ್ ಎಂಬ ಕಚ್ಚುವ ಪುಟ್ಟ ನೊಣಗಳು ಕಣ್ಣು, ಕಿವಿ, ಚಹಾದ ಲೋಟ ಯಾವುದನ್ನೂ ಬಿಡುವುದಿಲ್ಲ. ಮಲೆನಾಡಿನ ಜಿಗಣೆ ಕಂಡವನು ನಾನು, ಅದೇ ವಾಸಿ.

ಇಷ್ಟಾದ ಮೇಲೆ ಯೋಜನೆಯನ್ನು ತಿರುಗಿಸಿ ಹಾಕಿದೆ. ಎಲ್ಲರೂ ಬೆಟ್ಟದ ದಿನ ಗೊತ್ತು ಮಾಡಿ ಆಮೇಲೆ ಫೆರಿ ನೋಡುತ್ತಾರೆ. ರಮ್‌ಗೆ ಅದು ಆಗದ ಮಾತು, ಫೆರಿ ವಾರದ ಎಲ್ಲ ದಿನವೂ ಇಲ್ಲ. ಮೊದಲು ಹೋಗುವ ದೋಣಿ, ಬರುವ ದೋಣಿ ಗುರುತು ಹಾಕಿದೆ. ನಡುವೆ ಬೆಟ್ಟಕ್ಕೆ ಒಂದೇ ದಿನ ಸಾಕಾದರೂ ಎರಡು ದಿನ ಬಿಟ್ಟೆ. ಒಂದು ರಜೆ, ಒಂದು ರಾತ್ರಿಯ ಬಾಡಿಗೆ ಹೆಚ್ಚು ಹೋಗುತ್ತದೆ. ಆದರೆ ಒಂದು ವಿಫಲ ಪ್ರವಾಸದ ರೈಲು ಖರ್ಚಿಗಿಂತ ಅದು ಅಗ್ಗ. ಮೇ ನಡುವೆ ಬೆಳಗಿನ ಐದಕ್ಕೆಲ್ಲ ಬೆಳಕು, ರಾತ್ರಿ ಒಂಬತ್ತೂವರೆಗೂ ಕತ್ತಲಾಗುವುದಿಲ್ಲ, ಮಿಡ್ಜ್ ಕಾಟ ಇನ್ನೂ ಜೋರಾಗಿರುವುದಿಲ್ಲ.

ಈಗ ಆ ಹುಚ್ಚಾಟ. ನಕ್ಷೆಯಲ್ಲಿ ಸಾಲಿನ ಆಕಾರ ನೋಡಿ. ಆಸ್ಕಿವಲ್‌ನಿಂದ ಸ್ಗೂರ್ ನಾನ್ ಗಿಲಿಯನ್‌ವರೆಗೆ ಬೆಟ್ಟಗಳೆಲ್ಲ ಡಿಬಿಡಿಲ್ ಕಣಿವೆಯನ್ನು ಲಾಳದ ಹಾಗೆ ಸುತ್ತಿಕೊಂಡಿವೆ. ಬೆಲಾಕ್ ಆನ್ ಓರ್ ಆಗಲಿ, ಟ್ರೊಲವಲ್ ದಾಟಿದ ಮೇಲಿನ ಬೆಲಾಕ್ ಆನ್ ಫುವಾರನ್ ಆಗಲಿ, ಹವೆ ಕೆಟ್ಟು ಸಾಲು ಬಿಟ್ಟರೆ ಇದೇ ಕಣಿವೆಗೆ ಇಳಿಯಬಹುದು. ಕಣಿವೆಯ ಬಾಯಲ್ಲಿ ಸಮುದ್ರದ ಮೇಲೆಯೇ ಡಿಬಿಡಿಲ್ ಬಾತಿ ಇದೆ. ಮೌಂಟನ್ ಬಾತೀಸ್ ಅಸೋಸಿಯೇಷನ್ ನೋಡಿಕೊಳ್ಳುವ ಕಲ್ಲಿನ ಮನೆ, ಬಾಡಿಗೆ ಇಲ್ಲ, ಬುಕಿಂಗೂ ಇಲ್ಲ. ಹಾಸಿಗೆ ಅಲ್ಲಿ ಮೊದಲೇ ಇದ್ದರೆ ಈ ತಗ್ಗುಗಳಲ್ಲಿ ಸಾಲು ಬಿಟ್ಟರೂ ಇಳಿಯುವುದು ಹಾಸಿಗೆಗೇ.

ದೋಣಿ ಇಳಿದ ಮಧ್ಯಾಹ್ನವೇ ಕರಾವಳಿಯ ದಾರಿ ಹಿಡಿದು ಡಿಬಿಡಿಲ್‌ಗೆ ಹೊರಟೆವು. ಎಂಟೂ ಚಿಲ್ಲರೆ ಕಿಲೋಮೀಟರ್, ಮೂರು ತಾಸು. ದಾರಿ ಅನ್ನುವುದಕ್ಕಿಂತ ಕೆಸರು. ಮಳೆ ಬಂದರೆ ಹಳ್ಳಗಳು ಏರಿಬಿಡುತ್ತವೆ. ಅವುಗಳನ್ನು ಎಲ್ಲಿ ದಾಟಬಹುದು ಅಂತ ಮೊದಲೇ ನೋಡಿಟ್ಟುಕೊಂಡದ್ದು ಈ ನಡಿಗೆಯ ಎರಡನೇ ಲಾಭ. ಎರಡು ಸೆಕೆಂಡ್ ಹ್ಯಾಂಡ್ ಸ್ಲೀಪಿಂಗ್ ಬ್ಯಾಗು (ಒಂದಕ್ಕೆ ಹದಿನೈದು ಪೌಂಡ್ ಕೊಟ್ಟ ನೆನಪು, ಒಳ್ಳೆಯದನ್ನು ಇಡಲು ಧೈರ್ಯ ಸಾಲಲಿಲ್ಲ), ಊಟ, ಒಣ ಕಾಲುಚೀಲ ಇಟ್ಟು, ದಿನಾಂಕ ಹಾಕಿದ ಚೀಟಿ ಅಂಟಿಸಿ, ಸಂಜೆ ಬೆಳಕಲ್ಲೇ ಕಿನ್‌ಲಾಕ್‌ಗೆ ವಾಪಸಾದೆವು. ಬಾತಿಯಲ್ಲಿ ಇಲಿಗಳಿವೆ. ಚೀಲವನ್ನು ಅವುಗಳಿಗೆ ಸಿಗದ ಹಾಗೆ ಹೇಗೆ ಕಟ್ಟಿದೆ ಅನ್ನುವುದು ನನ್ನ ಗುಟ್ಟು, ಬರೆಯುವುದಿಲ್ಲ.

ಮರುದಿನ ಎತ್ತರದಲ್ಲಿ ಗಾಳಿ ಗಂಟೆಗೆ 45 ಮೈಲಿ ಅಂತ ಮುನ್ಸೂಚನೆ. ನನ್ನ ಗೆರೆ 30. ಸುಮ್ಮನೆ ಕೂತೆವು. 1897ರಿಂದ 1900ರ ನಡುವೆ ಜಾರ್ಜ್ ಬುಲ್ಲೊ ಜವಳಿ ಯಂತ್ರಗಳ ದುಡ್ಡಿನಲ್ಲಿ ಕಟ್ಟಿಸಿದ ಕಿನ್‌ಲಾಕ್ ಕ್ಯಾಸಲನ್ನು ಹೊರಗಿನಿಂದ ಸುತ್ತಿ ಬಂದೆವು, ಉಳಿದ ಹೊತ್ತು ನಿದ್ದೆ. ಕೊಟ್ಟ ರಜೆ ವ್ಯರ್ಥ ಅಂತ ಜೊತೆಗಾರನ ಮುಖ ಸಣ್ಣಗಾಗಿತ್ತು. ಅವನಿಗೆ ನಾನು ಏನೂ ಹೇಳಲಿಲ್ಲ.

ಅದರ ಮಾರನೇ ದಿನ ಐದಕ್ಕೆ ಹೊರಟೆವು. ಚೀಲ ಐದು ಕೆಜಿ ಇದ್ದಿರಬಹುದು. ಕೋರಿ ಡೂ ಕಣಿವೆಯ ಮೂಲಕ ಹಾಲಿವಲ್ ಏರಿದೆವು. ಮೇಲಿನ ಹಸಿರು ಹುಲ್ಲಿನ ತುಂಬ ಬಿಲಗಳು, ಎಲ್ಲ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳದು. ಲಕ್ಷಕ್ಕೂ ಮೀರಿದ ಜೋಡಿಗಳು ದಕ್ಷಿಣ ಅಮೆರಿಕದ ಕಡಲಿನಿಂದ ಬಂದು ಇಲ್ಲಿ ಮರಿ ಮಾಡುತ್ತವೆ. ಬಿಲದ ಮೇಲೆ ಕಾಲಿಟ್ಟರೆ ಕುಸಿಯುತ್ತದೆ, ಕಲ್ಲಿನ ಮೇಲೇ ನಡೆಯಿರಿ. ಇಲ್ಲಿನ ಪೆರಿಡೊಟೈಟ್ ಎಂಬ ಅಗ್ನಿಶಿಲೆ ಉಪ್ಪುಕಾಗದದಂಥದ್ದು, ಬೂಟು ಕಚ್ಚಿ ಹಿಡಿಯುತ್ತದೆ, ಗ್ಲೌಸ್ ಮಾತ್ರ ಹರಿದುಹೋಯಿತು. ಆಸ್ಕಿವಲ್ ಏಣಿನ ಮೇಲಿನ ಬಂಡೆಮೊನೆ, ಪಿನಕಲ್, ಒಣಗಿತ್ತು, ನೇರವಾಗಿ ಹತ್ತಿದೆವು, ಹಗ್ಗ ಇಲ್ಲದೆ. ಒದ್ದೆಯಿದ್ದರೆ ಎಡಕ್ಕೆ, ಪೂರ್ವದ ಪಕ್ಕದಿಂದ ಬಳಸಿ ಹೋಗಬೇಕು. ಆ ಬಳಸುದಾರಿಯಲ್ಲಿ ನಾನು ಕಂಡುಕೊಂಡ ಒಂದು ಸಲೀಸು ಮೆಟ್ಟಿಲಿದೆ, ಹೋದವರು ಹುಡುಕಿಕೊಳ್ಳಲಿ.

ದೂರ, ಏರಿಕೆ ನೋಡಿ ನಡಿಗೆಯ ಸಮಯ ಅಂದಾಜು ಮಾಡುವ ನೇಸ್ಮಿತ್ ಲೆಕ್ಕದ ಪ್ರಕಾರ ಕಿನ್‌ಲಾಕ್‌ನಿಂದ ಡಿಬಿಡಿಲ್‌ಗೆ ಐದೂವರೆ ತಾಸು. ನಮಗೆ ಹತ್ತೂವರೆ ಹನ್ನೊಂದು ಬೇಕಾಯಿತು, ಅದು ನನಗೆ ಮೊದಲೇ ಗೊತ್ತಿತ್ತು. ಚಳಿಗಾಲ ಪೂರ್ತಿ, ಮ್ಯಾಲೇಗ್‌ಗೆ ಹೋಗುವ ಅದೇ ವೆಸ್ಟ್ ಹೈಲ್ಯಾಂಡ್ ರೈಲಿನಲ್ಲಿ ಆರೋಕರ್‌ಗೆ ಹೋಗಿ ಕಾಬ್ಲರ್ ಬೆಟ್ಟದಲ್ಲಿ ನಮ್ಮ ವೇಗ ಅಳೆದಿದ್ದೆ. ಕೈ ಹಾಕಿ ಹತ್ತುವ ಕಡೆ ನೇಸ್ಮಿತ್‌ನನ್ನು ಎರಡರಿಂದ ಗುಣಿಸಿದರೆ ನಮಗೆ ಸರಿಹೋಗುತ್ತದೆ. ಕೊನೆಯಲ್ಲಿ ಸ್ಗೂರ್ ನಾನ್ ಗಿಲಿಯನ್‌ನಿಂದ ಬಾತಿ ಕಾಲಡಿಯಲ್ಲೇ ಕಾಣುತ್ತದೆ. ಅತ್ತ ನೇರ ಇಳಿಯಲು ಹೋಗಬೇಡಿ, ಬಂಡೆ. ದಕ್ಷಿಣಕ್ಕೆ ಸಾಕಷ್ಟು ಇಳಿದು ಆಮೇಲೆ ಪೂರ್ವಕ್ಕೆ ತಿರುಗಿ.

ಇದರ ನಡುವೆ ಎರಡು ಪ್ರಯೋಗ. ಒಂದು, ಸ್ಟೌವ್ ಬೇಡವೆಂದು ಗೊಜ್ಜವಲಕ್ಕಿ. ಮನೆಯಲ್ಲೇ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಹುಣಸೆಹಣ್ಣಿನ ಬದಲು ಪುಳಿಯೋಗರೆ ಪುಡಿ, ಬೆಲ್ಲ, ಹುರಿದ ಶೇಂಗಾ ಬೆರೆಸಿಟ್ಟಿದ್ದೆ. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಸಾಕು. ದಪ್ಪ ಅವಲಕ್ಕಿ ಇಡೀ ಹಾಕಿದ ಸಲ ಚಳಿಗೆ ನೆನೆಯಲೇ ಇಲ್ಲ. ಎಣ್ಣೆ ಜಾಸ್ತಿಯಾದರೆ ಹೆಪ್ಪುಗಟ್ಟುತ್ತದೆ. ಇದರ ಮುಂದೆ ಪ್ಯಾಕೆಟ್ಟಿಗೆ ಏಳೆಂಟು ಪೌಂಡ್ ಕೊಡುವ ಆ ಒಣ ಊಟ ಏನೇನೂ ಅಲ್ಲ. ಇನ್ನೊಂದು, ಹಿಂದೊಮ್ಮೆ ಪಕ್ಕದ ಕ್ಯಾನಾ ದ್ವೀಪದ ಕಂಪಾಸ್ ಹಿಲ್‌ಗೆ ಹೋಗಿ ದಿಕ್ಸೂಚಿ ಇಟ್ಟು ನೋಡಿದ್ದು. ಕಲ್ಲಿನಲ್ಲಿರುವ ಕಬ್ಬಿಣಕ್ಕೆ ಸೂಜಿ ಎಲ್ಲೆಲ್ಲೋ ತಿರುಗಿತು. ಅಂದಿನಿಂದ ಈ ಕಡೆಯ ಅಗ್ನಿಶಿಲೆಯ ಮೇಲೆ ಬರೀ ಸೂಜಿ ನಂಬುವುದಿಲ್ಲ, ಎತ್ತರದ ಅಂಕಿ ನೋಡಿ ಜಾಗ ಖಚಿತ ಮಾಡಿಕೊಳ್ಳುತ್ತೇನೆ. ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ಕರೆ ಹೋಗದಷ್ಟು ಸಿಗ್ನಲ್ ಕ್ಷೀಣವಿದ್ದಾಗ ನೆರವಾಗುವ, ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಎಸ್ಸೆಮ್ಮೆಸ್ ಕಳಿಸುವ ಸೌಲಭ್ಯಕ್ಕೆ ಮನೆಯಲ್ಲಿದ್ದಾಗಲೇ ನೋಂದಾಯಿಸಿಕೊಳ್ಳಿ.

ಖರ್ಚು, ತಲೆಗೆ: ಗ್ಲಾಸ್ಗೋದಿಂದ ಮ್ಯಾಲೇಗ್‌ಗೆ ರೈಲು ಐದು ತಾಸಿನ ಮೇಲೆ, ರಿಯಾಯಿತಿಯ ರೈಲ್‌ಕಾರ್ಡ್ ಹಿಡಿದು ಹೋಗಿಬರಲು ನಲವತ್ತರ ಆಸುಪಾಸು. ಫೆರಿ ಎರಡೂ ಕಡೆಗೆ ಸೇರಿ ಹತ್ತು ಪೌಂಡಿನ ಹತ್ತಿರ. ಕಿನ್‌ಲಾಕ್‌ನಲ್ಲಿ ಎರಡು ರಾತ್ರಿ ಅರವತ್ತೋ ಎಪ್ಪತ್ತೋ. ಬಾತಿ ರಾತ್ರಿ ಸೊನ್ನೆ. ಊಟ, ಸ್ಲೀಪಿಂಗ್ ಬ್ಯಾಗ್ ಎಲ್ಲ ಹಿಡಿದರೂ ನೂರೈವತ್ತು ದಾಟಲಿಲ್ಲ. ಮಾರನೇ ದಿನ ಮಧ್ಯಾಹ್ನದ ದೋಣಿಗೆ ಬಾತಿಯಿಂದ ಬೆಳಿಗ್ಗೆ ಏಳಕ್ಕೇ ಬಿಟ್ಟೆವು. ಹಳ್ಳ ಏರಿದ್ದರೆ ಕಾಯಲು ಎರಡು ತಾಸು ಕೈಯಲ್ಲಿರಲಿ ಅಂತ.