ಸುರುಸುರು ಬತ್ತಿ ಹಚ್ಚೋದು ಸುಲಭ, ಆರಿದ ಮೇಲೆ?

ಎರಡು ವರ್ಷದ ಹಿಂದೆ ದೀಪಾವಳಿಗೆ ನನ್ನ ತಂಗಿಯ ಮಗ ಕಾಲು ಸುಟ್ಟುಕೊಂಡ. ರಾಕೆಟ್‌ನಿಂದಲ್ಲ, ಲಕ್ಷ್ಮಿ ಪಟಾಕಿಯಿಂದಲ್ಲ. ಯಾರೋ ಉರಿಸಿ ಬಿಸಾಕಿದ್ದ ಸುರುಸುರು ಬತ್ತಿಯ ತಂತಿ ತುಳಿದು. ಆಗಿನಿಂದ ಪ್ರತಿ ವರ್ಷ ನಮ್ಮ ಬೀದಿಯವರಿಗೆಲ್ಲ ಪಾಠ ಹೇಳ್ತಾ ಬಂದಿದ್ದೇನೆ. ಈ ಸಲ ನಿಮಗೆ.

ಹೆಸರು ಸುರ್ ಅನ್ನೋ ಸದ್ದಿನಿಂದಲೇ ಬಂದಿದ್ದು. ಕೆಲವರು ನಕ್ಷತ್ರ ಕಡ್ಡಿ ಅಂತಾರೆ. ಕೇಳೋಕೆ ಎರಡೂ ಪಾಪದ ಹೆಸರೇ. ಆದರೆ ಉರಿಯೋ ತುದಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಕುದಿಯೋದು 100ಕ್ಕೆ!

ಕೊಳ್ಳುವಾಗ ಹಸಿರು ಪಟಾಕಿ ಗುರುತು, ಕ್ಯೂಆರ್ ಕೋಡ್ ನೋಡಿ. ಪಟಾಕಿ ಮದ್ದಿನಲ್ಲಿ ಬೇರಿಯಂ ಅನ್ನೋ ವಿಷಕಾರಿ ರಾಸಾಯನಿಕ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹೆಸರೇ ಇಲ್ಲದ ಪೊಟ್ಟಣ ಎಷ್ಟೇ ಅಗ್ಗವಿದ್ದರೂ ಬೇಡ. ಅಂಥವುಗಳಲ್ಲಿ ಮದ್ದು ತುಂಡುತುಂಡಾಗಿ ಉದುರುತ್ತದೆ. ಮಕ್ಕಳಿಗೆ 7 ಸೆಂಟಿಮೀಟರ್‌ದು ಕೊಡಬೇಡಿ, ಬೆಂಕಿ ಬೆರಳ ಹತ್ತಿರವೇ ಇರುತ್ತದೆ. 30 ಸೆಂಟಿಮೀಟರ್‌ದೇ ಸರಿ. ಐದು ವರ್ಷದೊಳಗಿನವರು ಸುಮ್ನೆ ನೋಡಲಿ.

ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿಯಲ್ಲ, ಶೂ. ಅರ್ಧ ಬಕೆಟ್ ನೀರನ್ನು ಮೊದಲೇ ಹೊರಗಿಡಿ.

ಈಗ ಹಚ್ಚೋದು. ಜನ ಎಡವೋದು ಇಲ್ಲೇ. ಬೆಂಕಿಕಡ್ಡಿ ಗೀರಿ ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಬತ್ತಿ. ಕಡ್ಡಿ ಬೆರಳವರೆಗೂ ಉರಿಯುತ್ತದೆ, ಬತ್ತಿ ಹತ್ತೋದಿಲ್ಲ. ಅದರ ಬದಲು ಒಂದು ದಪ್ಪ ಮೇಣದ ಬತ್ತಿಯನ್ನು ನೆಲದ ಮೇಲೆ ನಿಲ್ಲಿಸಿ. ಕೈ ಪೂರ್ತಿ ಚಾಚಿ, ಸುರುಸುರು ಬತ್ತಿಯನ್ನು ಓರೆಯಾಗಿ ಹಿಡಿದು, ತುದಿ ಮಾತ್ರ ಜ್ವಾಲೆಯ ಮೇಲಂಚಿಗೆ ತಾಗಿಸಿ. ಜ್ವಾಲೆಯ ನಡುವೆ ತುರುಕಿದರೆ ಮೇಣದ ಬತ್ತಿಯೇ ಆರುತ್ತದೆ. ತುದಿ ಮೊದಲು ಕೆಂಪಗಾಗುತ್ತದೆ, ಅದಾದ ಮೇಲೆ ಒಂದೆರಡು ಕಿಡಿ, ಆಮೇಲೆ ಸುರ್ ಅಂತ ಶುರು. ಹತ್ತಲಿಲ್ಲ ಅಂತ ಬಗ್ಗಿ ನೋಡಬೇಡಿ. ತಣ್ಣಸು ಹಿಡಿದ ಹಳೇ ಬತ್ತಿಯನ್ನು ಒಲೆಯ ಹತ್ತಿರ ಒಣಗಿಸೋರೂ ಇದ್ದಾರೆ, ಕೈ ಮುಗಿದು ಹೇಳ್ತೀನಿ, ಬೇಡ.

ಒಂದರಿಂದ ಇನ್ನೊಂದು ಹಚ್ಚೋ ಅಭ್ಯಾಸವೂ ಬಿಡಿ. ಇಬ್ಬರು ಮಕ್ಕಳು ಮುಖಕ್ಕೆ ಮುಖ ಕೊಟ್ಟು ಬಗ್ಗಿರುತ್ತಾರೆ, ಎರಡನೇದು ಹತ್ತಿದ ಕೂಡಲೇ ಕಿಡಿ ಕಣ್ಣಿಗೇ. ನಾಲ್ಕೈದು ಒಟ್ಟಿಗೆ ಕಟ್ಟಿ ಹಚ್ಚೋದಂತೂ ಸುರುಸುರು ಬತ್ತಿ ಅಲ್ಲ, ಬಾಂಬ್. ಹೂಕುಂಡ ಹಚ್ಚೋಕೂ ಇದನ್ನು ಬಳಸಬೇಡಿ. ಕೈ ಹಿಂದೆ ತೆಗೆಯೋ ಮೊದಲೇ ಕಿಡಿ ಬಿದ್ದು ಹತ್ತಿಬಿಡುತ್ತದೆ. ಅದಕ್ಕೆ ಉದ್ದನೆಯ ಊದುಬತ್ತಿ ಇದೆ ಅಲ್ವಾ?

ಇನ್ನು ಆ ತಂತಿ. ಹಾರೋ ಕಿಡಿ ಅಂದರೆ ಉರಿಯುತ್ತಿರೋ ಕಬ್ಬಿಣದ ಚೂರು. ಅಷ್ಟು ಸಣ್ಣದಾದ್ದರಿಂದ ಕೈಗೆ ಬೀಳುವಷ್ಟರಲ್ಲಿ ಜಾಸ್ತಿ ಬಿಸಿ ಉಳಿದಿರೋದಿಲ್ಲ, ಚುರ್ ಅನ್ನುತ್ತದೆ ಅಷ್ಟೆ. ತಂತಿ ಹಾಗಲ್ಲ. ಬೆಳಕು ಹೋಗಿ ಕಪ್ಪಗಾದ ಮೇಲೂ ನಿಮಿಷಗಟ್ಟಲೆ ಸುಡುತ್ತದೆ, ಕತ್ತಲಲ್ಲಿ ಕಾಣೋದೂ ಇಲ್ಲ. ಆದ್ದರಿಂದ ಕೊನೇ ಕಿಡಿ ಆರಿದ ಕೂಡಲೇ ನೆಟ್ಟಗೆ ಬಕೆಟ್‌ಗೆ. ಚುಂಯ್ ಅನ್ನೋ ಸದ್ದು ಕೇಳೋಕೇ ಮಕ್ಕಳು ಓಡಿ ಬರುತ್ತಾರೆ. ನಮ್ಮನೇಲಿ ಈಗ ಅದೇ ಆಟ.

ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಏನೂ ಮೆತ್ತಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ಆಸ್ಪತ್ರೆಗೆ.

ಬೆಳಗ್ಗೆ ಎದ್ದು ಬಕೆಟ್‌ನ ತಂತಿ ಎಣಿಸಿ. ಪೊಟ್ಟಣಕ್ಕೆ 10 ಇದ್ದರೆ 10 ಸಿಗಬೇಕು. ಎರಡು ಕಡಿಮೆಯಾದರೆ ಹುಲ್ಲಲ್ಲಿ ಹುಡುಕಿ. ಪಾಡ್ಯದ ದಿನ ಪೂಜೆ ಮಾಡಿಸಿಕೊಂಡ ಹಸು ಅಲ್ಲಿಗೇ ಮೇಯೋಕೆ ಬರುತ್ತದೆ.