ಮಣಿಪುರದ ಕ್ಯಾಂಪ್‌ಗಳಿಗೆ ನಾವಾಗೇ ಹೋಗೋದಾದ್ರೆ

2023ರ ಮೇ 3ಕ್ಕೆ ಮೈತೇಯಿ, ಕುಕಿ ಸಮುದಾಯಗಳ ಮಧ್ಯೆ ಶುರುವಾದ ಗಲಭೇಲಿ ಮಣಿಪುರದ ಸಾವಿರಾರು ಜನ ಮನೆ ಬಿಟ್ಟು ಕ್ಯಾಂಪ್ ಸೇರಿದ್ರು, ಅವ್ರಿಗೆ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಮೊದ್ಲು ಇನ್ನರ್ ಲೈನ್ ಪರ್ಮಿಟ್ (ಹೊರಗಿನವ್ರು ಆ ರಾಜ್ಯಕ್ಕೆ ಹೋಗೋಕೆ ಬೇಕಾದ ಅನುಮತಿ) ಮಾಡಿಸ್ಕೊಳಿ, ಆನ್‌ಲೈನಲ್ಲೇ ಆಗತ್ತೆ. ಮೈತೇಯಿಗಳ ಕಡೆ ಇರೋ ರಾಜಧಾನಿ ಇಂಫಾಲ್‌ಗೆ ವಿಮಾನ ಇದೆ. ಕುಕಿಗಳ ಕಡೆಯ ಚುರಾಚಾಂದ್‌ಪುರಕ್ಕಾದ್ರೆ ಪಕ್ಕದ ಮಿಜೋರಾಮ್‌ನ ಐಜ್ವಾಲ್‌ನಲ್ಲಿ ಇಳಿದು ರೋಡಲ್ಲಿ ಹೋಗೋದು ವಾಸಿ, ಮಿಜೋರಾಮ್‌ಗೂ ಬೇರೆ ಪರ್ಮಿಟ್ ಬೇಕು. ದಯವಿಟ್ಟು ಮೈತೇಯಿ ಡ್ರೈವರ್‌ನ ಕುಕಿ ಕಡೆಗೆ ಕರ್ಕೊಂಡು ಹೋಗ್ಬೇಡಿ, ಆ ಕಡೆಯಿಂದ ಈ ಕಡೆಗೂ ಅಷ್ಟೇ, ನಿಮಗೇನೂ ಆಗದೇ ಇರ್ಬಹುದು, ಅವ್ರ ಜೀವಕ್ಕೇ ಕುತ್ತು. ಊರ ಹೆಸ್ರಲ್ಲೂ ಹುಷಾರು, ಚುರಾಚಾಂದ್‌ಪುರನ ಕುಕಿಗಳು ಲಮ್ಕಾ ಅಂತಾರೆ, ಅಲ್ಲಿ ನೀವೂ ಹಾಗೇ ಅನ್ನಿ. ನೆಟ್ ಯಾವಾಗ ಬೇಕಾದ್ರೂ ಬಂದ್ ಆಗಬಹುದು, ಕ್ಯಾಶ್ ಇಟ್ಕೊಳಿ. ಹಳೇ ಬಟ್ಟೆ ಮೂಟೆ ಬೇಡ, ಕ್ಯಾಂಪ್ ನೋಡ್ಕೊಳೋರ್ನ ಕೇಳಿ ಬೇಕಾದ್ದನ್ನ ಅಲ್ಲೇ ಪೇಟೇಲಿ ಕೊಡ್ಸಿ. ಮಕ್ಕಳ ಫೋಟೋ ತೆಗೀಬೇಡಿ. ಸುಮ್ನೆ ಜೊತೇಲಿ ಕೂತ್ಕೊಳಿ, ಏನಾಯ್ತು ಅಂತ ಕೆದಕ್ಬೇಡಿ, ಹೇಳ್ಬೇಕು ಅನ್ಸಿದಾಗ ಅವ್ರೇ ಹೇಳ್ತಾರೆ.